ಕಾರಿನ ಸ್ಪೀಡ್ ಏರಿಸೋದು ಕಾಲೋ, ಹಾಡೋ?

ಘಾಟಿ ರಸ್ತೆ. ಕಿಟಕಿ ಇಳಿಸಿದೆ. ಸ್ಪೀಕರಲ್ಲಿ ಡೋಲು.
ಆಕ್ಸಿಲರೇಟರ್ ಒತ್ತುತ್ತಿರೋದು ಯಾರು?

ಇಸ್ರೇಲಿನ ಸಂಶೋಧಕ ವಾರನ್ ಬ್ರಾಡ್‌ಸ್ಕಿ
2001ರಲ್ಲಿ ಇದರ ಬಗ್ಗೆ ಅಧ್ಯಯನ ಪ್ರಕಟಿಸಿದರು.
ಡ್ರೈವಿಂಗ್ ಸಿಮ್ಯುಲೇಟರ್ ಮುಂದೆ ಕೂರಿಸಿ, ಸಂಗೀತ ಹಾಕಿ ನೋಡಿದ್ರು.
ಲಯ ಚುರುಕಾಯ್ತು, ವೇಗ ಏರಿತು.
ರೆಡ್ ಸಿಗ್ನಲ್ ದಾಟೋದೂ ಹೆಚ್ಚಾಯ್ತು!

ದ್ರುತಲಯದ ಹಾಡು ಅಂದ್ರೆ,
ಪಕ್ಕದ ಸೀಟಲ್ಲಿ ಕೂತು ‘ಹೊಡಿ ಮಗಾ, ಹೊಡಿ’ ಅನ್ನೋ ಗೆಳೆಯ ಇದ್ದ ಹಾಗೆ.

ಹಾಗಾದ್ರೆ ತಿರುವುಗಳಿಗೆ ಏನು ಹಾಕೋದು?

2006ರ ‘ಮುಂಗಾರು ಮಳೆ’ ಸಿನಿಮಾ ಇದೆಯಲ್ಲ.
ಮನೋಮೂರ್ತಿ ಸಂಗೀತ.
ಜಯಂತ ಕಾಯ್ಕಿಣಿ ಬರೆದು, ಸೋನು ನಿಗಮ್ ಹಾಡಿದ ‘ಅನಿಸುತಿದೆ’ಗೆ ಅವಸರವೇ ಇಲ್ಲ.
ಶಿರಾಡಿ ಘಾಟಿಗೆ ಹೇಳಿ ಮಾಡಿಸಿದ್ದು.
ಮಳೆ ಬಂದ್ರೆ ಮಾತ್ರ ವಾಲ್ಯೂಮ್ ಇಳಿಸಿ,
ಹಿಂದಿನ ಲಾರಿ ಹಾರ್ನ್ ಕೇಳಬೇಕಲ್ಲ!

ಕಾರಲ್ಲಿ ಅಪ್ಪ ಅಮ್ಮ ಇದ್ದಾರಾ?
1993ರ ‘ಆಕಸ್ಮಿಕ’ ಸಿನಿಮಾದ್ದು ಹಾಕಿ.
ಹಂಸಲೇಖ ಸಂಗೀತಕ್ಕೆ ಡಾ. ರಾಜ್‌ಕುಮಾರ್ ಜಟಕಾ ಓಡಿಸುತ್ತಾ ಹಾಡಿದ ಹಾಡು.
ಬರೆದದ್ದು ಕುದುರೆಗಾಡಿಗೆ, ಒಪ್ಪೋದು ಹೈವೇಗೂ.
ಹಿಂದಿನ ಸೀಟಿನವರೂ ದನಿಗೂಡಿಸ್ತಾರೆ.

ಒಂದೇ ಮಾತು.
ಪ್ಲೇಲಿಸ್ಟ್ ಮನೆಯಲ್ಲೇ ಮಾಡ್ಕೊಂಡು ಹೊರಡಿ.
ಗಾಡಿ ಓಡ್ತಿರುವಾಗ ಮೊಬೈಲ್ ಮುಟ್ಟಬೇಡಿ.