ಓಲೆ, ಹೊತ್ತಿಗೆ, ಪರದೆ: ವಿದ್ಯಾರ್ಥಿಗೆ ಯಾವುದು ಹಿತ?

ಅರಿವು ಎಂದೂ ಒಂದೇ ಪಾತ್ರೆಯಲ್ಲಿ ನಿಂತುದಲ್ಲ. ಶರಣರ ವಚನಗಳು ಶತಮಾನಗಳ ಕಾಲ ಮಠ, ಮನೆತನಗಳ ತಾಳೆಯೋಲೆಯ ಕಟ್ಟುಗಳಲ್ಲಿ ಉಳಿದುಬಂದವು. ಡಾ. ಫ. ಗು. ಹಳಕಟ್ಟಿಯವರು ಅವನ್ನು ಅರಸಿ ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚಿನಲ್ಲಿ ಹೊರತಂದರು. ಇಂದು ಅದೇ ವಚನಗಳು ಅಂತರಜಾಲದಲ್ಲಿಯೂ ದೊರೆಯುತ್ತಿವೆ. ಇಂತಹ ಪರಂಪರೆಯವರಾದ ನಾವು ಡಿಜಿಟಲ್ ಪುಸ್ತಕವನ್ನು ಕಂಡು ಮೂಗು ಮುರಿಯುವುದು ತರವಲ್ಲ.

ಆದರೆ ಶಾಲೆಯ ಮಗುವಿನ ಕೈಯಿಂದ ಪಠ್ಯಪುಸ್ತಕವನ್ನು ತೆಗೆದು ಪರದೆಯನ್ನಿಡಬಹುದೆ? ಇದು ವಿಚಾರಿಸಬೇಕಾದ ಸಂಗತಿ. 54 ಅಧ್ಯಯನಗಳನ್ನು, ಅವುಗಳಲ್ಲಿ ಪಾಲ್ಗೊಂಡ 1,71,055 ಮಂದಿಯ ಓದನ್ನು ಒಟ್ಟಾಗಿ ಪರಿಶೀಲಿಸಿದ ಸಂಶೋಧನೆಯೊಂದು 2018ರಲ್ಲಿ ಪ್ರಕಟವಾಯಿತು. ಕಥೆಯ ಓದಿನಲ್ಲಿ ಹೇಳಿಕೊಳ್ಳುವಂತಹ ಭೇದ ತೋರಲಿಲ್ಲ; ವಿಷಯವನ್ನು ತಿಳಿಸುವ ಬರಹದಲ್ಲಿ ಮಾತ್ರ ಕಾಗದದಲ್ಲಿ ಓದಿದವರ ಗ್ರಹಿಕೆ ಮೇಲಾಗಿತ್ತು. ಕಾಲಮಿತಿಯೊಳಗೆ ಓದಬೇಕಾದಾಗ ಅಂತರ ಇನ್ನೂ ಹೆಚ್ಚಿತು. ಪಠ್ಯಪುಸ್ತಕದ ಓದು ಬಹುಪಾಲು ಈ ಬಗೆಯದೇ ಅಲ್ಲವೆ? ಶಾಲೆಗಳಲ್ಲಿ ಪರದೆಯನ್ನು ಮೊದಲೇ ಅಪ್ಪಿಕೊಂಡಿದ್ದ ಸ್ವೀಡನ್ ದೇಶವೂ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳ ಖರೀದಿಗಾಗಿ 68.5 ಕೋಟಿ ಕ್ರೋನಾ ಒದಗಿಸಿತು.

ಪರದೆಯ ಮೇಲೆ ಕಣ್ಣು ಓಡುತ್ತದೆ. ಓದಿದ್ದೆಲ್ಲ ತಿಳಿಯಿತೆಂಬ ಭ್ರಮೆ ಬೇಗನೆ ಮೂಡುತ್ತದೆ. ನಡುವೆ ಬರುವ ಸಂದೇಶಗಳು ಚಿತ್ತವನ್ನು ಕದಡುತ್ತವೆ. ಪುಸ್ತಕದಲ್ಲಾದರೋ ವಿಷಯವು ಎಡಪುಟದ ಕೆಳಗಿತ್ತೆಂಬ ನೆನಪೂ ಕಲಿಕೆಗೆ ಊರೆಗೋಲಾಗುತ್ತದೆ. ಕೇಳಿದ್ದನ್ನು ಮನನ ಮಾಡದೆ ಅದು ಅರಿವಾಗದೆಂಬುದು ನಮ್ಮ ಹಿರಿಯರ ನಿಲುವು.

ಹಾಗೆಂದು ಡಿಜಿಟಲ್ ಪುಸ್ತಕದ ಉಪಕಾರವನ್ನು ಮರೆಯಲಾಗದು. ಒಂದು ಪದ ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ಕ್ಷಣದಲ್ಲಿ ಹುಡುಕಬಹುದು. ಅಕ್ಷರಗಳನ್ನು ಹಿರಿದುಮಾಡಿ ಓದಬಹುದು. ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಪಾಠವನ್ನು ಓದಿ ಹೇಳುವ ಸಾಧನ ವರದಾನವೇ ಸರಿ. ಪುಸ್ತಕದಂಗಡಿಯಿಲ್ಲದ ಊರಿಗೂ ಗ್ರಂಥ ತಲುಪುತ್ತದೆ. ಆದರೆ ಮನೆಗೆ ಒಂದೇ ಮೊಬೈಲು, ಅದೂ ತಂದೆಯೊಡನೆ ಹೊಲಕ್ಕೆ ಹೋಗುವಲ್ಲಿ ಮಗುವಿನ ಪಾಠ ಸಂಜೆಯವರೆಗೆ ಕಾಯಬೇಕು. ಅಚ್ಚಿನ ಪುಸ್ತಕಕ್ಕೆ ವಿದ್ಯುತ್ತೂ ಬೇಡ, ಸಂಪರ್ಕವೂ ಬೇಡ. ಅಣ್ಣ ಓದಿದ್ದು ತಂಗಿಗೂ ಆದೀತು.

ಆದುದರಿಂದ ತಂದೆತಾಯಂದಿರು ಕಲಿಕೆಗೆ ಪುಸ್ತಕವನ್ನೂ ಹುಡುಕಾಟಕ್ಕೆ ಪರದೆಯನ್ನೂ ಬಳಸುವ ರೂಢಿಯನ್ನು ಮಕ್ಕಳಲ್ಲಿ ಬೆಳೆಸಲಿ. ಕಿರಿಯ ತರಗತಿಗಳಲ್ಲಂತೂ ಪುಸ್ತಕಕ್ಕೇ ಅಗ್ರಸ್ಥಾನವಿರಲಿ. ಪ್ರಸಾದನಿಲಯಗಳಿಗೆ ದಾನ ಮಾಡುವ ಸದ್ಭಕ್ತರು ಗಣಕಯಂತ್ರದೊಡನೆ ಒಂದು ಕಪಾಟು ಪಠ್ಯಪುಸ್ತಕಗಳನ್ನೂ ನೀಡಲಿ. ದಿನಕ್ಕೆ ಅರ್ಧ ತಾಸು ಮನೆಮಂದಿಯೆಲ್ಲ ಮೊಬೈಲನ್ನು ಬದಿಗಿಟ್ಟು ಪುಸ್ತಕ ಹಿಡಿದು ಕೂತರೆ, ಮಕ್ಕಳಿಗೆ ಬೇರೆ ಉಪದೇಶವೇ ಬೇಕಾಗದು. ನುಡಿದಂತೆ ನಡೆಯುವುದೇ ಶರಣಮಾರ್ಗವಲ್ಲವೆ?