ಸೋತವರಿಗೂ ಒಂದು ಕಪ್: ಅಮೆರಿಕದ ‘ಬೌಲ್’ ಪಂದ್ಯಗಳ ಬಗ್ಗೆ ನಮ್ಮ ಅತಿ ಗಂಭೀರ ಸಂಶೋಧನೆ

ಆಳೆತ್ತರದ ಒಂದು ಸಿಹಿತಿಂಡಿ ಕುಣಿಯುತ್ತಾ ಬಂದು ದೈತ್ಯ ಟೋಸ್ಟರ್ ಒಳಗೆ ಇಳಿಯುತ್ತದೆ. ಕೆಳಗಿನಿಂದ ಅದೇ ತಿಂಡಿ ಹದವಾಗಿ ಬೆಂದು ಹೊರಬರುತ್ತದೆ. ಆಟಗಾರರು ಮುಗಿಬಿದ್ದು ಕಿತ್ತು ತಿನ್ನುತ್ತಾರೆ. ಈ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿದ್ದರೆ, ಅದು ಎಐ ಸೃಷ್ಟಿಯೇನಲ್ಲ. 2023ರ ಡಿಸೆಂಬರ್ 28ರಂದು ಫ್ಲೋರಿಡಾದ ಒರ್ಲ್ಯಾಂಡೊದಲ್ಲಿ ನಡೆದ ‘ಪಾಪ್-ಟಾರ್ಟ್ಸ್ ಬೌಲ್’ ಪಂದ್ಯದ ನಂತರದ ನಿಜವಾದ ದೃಶ್ಯ. ಗಾಬರಿ ಬೇಡ, ವೇಷದೊಳಗಿದ್ದ ಮನುಷ್ಯನನ್ನು ಯಾರೂ ಬೇಯಿಸಲಿಲ್ಲ. ತಿಂದದ್ದು ಬೇರೆಯಾಗಿ ತಯಾರಿಸಿಟ್ಟಿದ್ದ ತಿಂಡಿಯನ್ನು.

ಆದರೆ ತಿಂಡಿಯ ಹೆಸರಿನಲ್ಲಿ ಒಂದು ಫುಟ್‌ಬಾಲ್ ಪಂದ್ಯ ಏಕೆ? ಇದನ್ನು ಶಾಸ್ತ್ರೋಕ್ತವಾಗಿ ಅಧ್ಯಯನ ಮಾಡಲೇಬೇಕೆಂದು ನಾವು ನಿರ್ಧರಿಸಿದೆವು.

ಬೌಲ್ ಎಂದರೇನು?

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಅಮೆರಿಕನ್ ಆಟ. ಅಲ್ಲಿನ ಕಾಲೇಜು ತಂಡಗಳ ಸೀಸನ್ ಮುಗಿದ ಮೇಲೆ, ಡಿಸೆಂಬರ್-ಜನವರಿಯಲ್ಲಿ ನಡೆಯುವ ಹೆಚ್ಚುವರಿ ಪಂದ್ಯಗಳೇ ‘ಬೌಲ್’ಗಳು. ಪ್ಯಾಸಡೀನಾದಲ್ಲಿ 1922ರಲ್ಲಿ ಕಟ್ಟಿದ ಬಟ್ಟಲಿನಂತಹ ಸ್ಟೇಡಿಯಂಗೆ ‘ರೋಸ್ ಬೌಲ್’ ಎಂದು ಹೆಸರಿಟ್ಟರು. ಆ ಬಟ್ಟಲಿನ ಹೆಸರೇ ಪಂದ್ಯಗಳಿಗೂ ಅಂಟಿಕೊಂಡಿತು.

ಅಲ್ಲಿ ಮೊದಲ ಪಂದ್ಯ ನಡೆದದ್ದು ಇನ್ನೂ ಹಿಂದೆ, 1902ರಲ್ಲಿ. ಮಿಷಿಗನ್ 49, ಸ್ಟ್ಯಾನ್‌ಫರ್ಡ್ ಸೊನ್ನೆ. ಸ್ಟ್ಯಾನ್‌ಫರ್ಡ್ ತಂಡ ಆಟ ಮುಗಿಯುವ ಮೊದಲೇ ಕೈ ಮುಗಿಯಿತು. ಬೇಸತ್ತ ಆಯೋಜಕರು 1916ರವರೆಗೆ ಫುಟ್‌ಬಾಲ್ ಕೈಬಿಟ್ಟು ರಥದ ಓಟದಂತಹ ಸ್ಪರ್ಧೆಗಳನ್ನು ನಡೆಸಿದರು. ಬೌಲ್‌ಗಳ ಇತಿಹಾಸದಲ್ಲಿ ‘ಇಷ್ಟು ಸಾಕು’ ಎಂದು ಯಾರಿಗಾದರೂ ಅನಿಸಿದ್ದು ಬಹುಶಃ ಆಗ ಮಾತ್ರ.

ಸೋಂಕು ಹರಡಿದ ಬಗೆ

1935ರಲ್ಲಿ ಆರೆಂಜ್ ಬೌಲ್, ಶುಗರ್ ಬೌಲ್. 1937ರಲ್ಲಿ ಕಾಟನ್ ಬೌಲ್. ಹಣ್ಣು, ಸಕ್ಕರೆ, ಹತ್ತಿ ಎಂದು ಆಯಾ ಊರಿನ ಬೆಳೆಯ ಹೆಸರಿತ್ತು, ಮರ್ಯಾದೆಯಾಗಿತ್ತು. ಮುಂದೆ ಕಂಪನಿಗಳು ಬಂದವು. ಕಳೆ ಕತ್ತರಿಸುವ ಯಂತ್ರ, ಪೀಠೋಪಕರಣದ ವೆಬ್‌ಸೈಟ್, ಆಲೂಗಡ್ಡೆ, ಎಲ್ಲದರ ಹೆಸರಲ್ಲೂ ಬೌಲ್ ನಡೆಯಿತು. ‘ಡ್ಯೂಕ್ಸ್ ಮೇಯೊ ಬೌಲ್’ನಲ್ಲಿ ಗೆದ್ದ ತಂಡದ ಕೋಚ್ ತಲೆಯ ಮೇಲೆ ಮೇಯನೇಸ್ ಸುರಿಯುತ್ತಾರೆ. ನಮ್ಮಲ್ಲಿ ಅಭಿಷೇಕಕ್ಕೆ ಕನಿಷ್ಠ ಹಾಲು ಬಳಸುತ್ತೇವೆ.

2015-16ರ ಸೀಸನ್ ಹೊತ್ತಿಗೆ ಬೌಲ್‌ಗಳ ಸಂಖ್ಯೆ 40 ಮುಟ್ಟಿತು. ಲೆಕ್ಕ ಸರಳ: 40 ಪಂದ್ಯಕ್ಕೆ 80 ತಂಡ ಬೇಕು. ಉನ್ನತ ದರ್ಜೆಯಲ್ಲಿ ಇದ್ದದ್ದೇ 128 ತಂಡ. ಅಂದರೆ ನೂರರಲ್ಲಿ 62 ತಂಡಕ್ಕೆ ಆಹ್ವಾನ!

ಅರ್ಹತೆಗೆ 12 ಪಂದ್ಯಗಳಲ್ಲಿ 6 ಗೆದ್ದಿರಬೇಕು. ಆ ವರ್ಷ ಅಷ್ಟು ಗೆದ್ದ ತಂಡಗಳೇ ಸಾಲಲಿಲ್ಲ. ಆಗ 5 ಗೆದ್ದು 7 ಸೋತ ಮೂರು ತಂಡಗಳನ್ನು, ಆಟಗಾರರ ಓದಿನ ಪ್ರಗತಿಯ ಅಂಕ ನೋಡಿ ಒಳಗೆ ಬಿಟ್ಟುಕೊಂಡರು. ಆಟದಲ್ಲಿ ಫೇಲಾದರೂ ಪಾಠದಲ್ಲಿ ಪಾಸಾದದ್ದು ಕೈಹಿಡಿಯಿತು. ನಮ್ಮ ಭಾಷೆಯಲ್ಲಿ, ಗ್ರೇಸ್ ಮಾರ್ಕ್ಸ್. ತಮಾಷೆಯೆಂದರೆ ನೆಬ್ರಾಸ್ಕ, ಮಿನ್ನೆಸೋಟ, ಸ್ಯಾನ್ ಹೋಸೆ ಸ್ಟೇಟ್, ಮೂರೂ ತಂಡಗಳು ತಮ್ಮ ಬೌಲ್ ಗೆದ್ದವು.

ರೋಗಕ್ಕೆ ಕಾರಣ

ನಮ್ಮ ಸಂಶೋಧನೆಯಲ್ಲಿ ಪತ್ತೆಯಾದ ವೈರಾಣುವಿನ ಹೆಸರು ಟಿವಿ. ರಜೆಯ ದಿನಗಳಲ್ಲಿ ಜನ ಮನೆಯಲ್ಲಿರುತ್ತಾರೆ, ಚಾನೆಲ್‌ಗೆ ನೇರಪ್ರಸಾರ ಬೇಕು. ಸ್ಟೇಡಿಯಂ ಅರ್ಧ ಖಾಲಿಯಿದ್ದರೂ ಜಾಹೀರಾತು ತುಂಬಿರುತ್ತದೆ. ಕ್ರೀಡಾ ಚಾನೆಲ್ ಇಎಸ್‌ಪಿಎನ್‌ನ ಒಂದು ಅಂಗಸಂಸ್ಥೆಯೇ ಹತ್ತಕ್ಕೂ ಹೆಚ್ಚು ಬೌಲ್‌ಗಳ ಒಡೆಯ. ಅಡುಗೆಯವರೂ ಅವರೇ, ಬಡಿಸುವವರೂ ಅವರೇ.

ಬಿಲ್ ಯಾರಿಗೆ?

ಇಲ್ಲಿಂದ ನಗು ಸ್ವಲ್ಪ ಕಡಿಮೆ. 2011ರ ಫಿಯೆಸ್ಟಾ ಬೌಲ್‌ಗೆ ಕನೆಕ್ಟಿಕಟ್ ವಿಶ್ವವಿದ್ಯಾಲಯ 17,500 ಟಿಕೆಟ್‌ಗಳ ಹೊಣೆ ಹೊರಬೇಕಾಯಿತು. ಪಂದ್ಯವಿದ್ದದ್ದು ದೇಶದ ಇನ್ನೊಂದು ತುದಿಯ ಅರಿಜೋನಾದಲ್ಲಿ. ಬಹುಪಾಲು ಟಿಕೆಟ್ ಉಳಿದವು. ನಷ್ಟ 16 ಲಕ್ಷ ಡಾಲರ್‌ಗೂ ಹೆಚ್ಚು. ಪಂದ್ಯವನ್ನೂ ಸೋತರು.

ಇನ್ನೂ ದುಬಾರಿ ಬಿಲ್ ಆಟಗಾರರದ್ದು. 2016ರ ಜನವರಿ 1ರಂದು, ಅದೇ ಫಿಯೆಸ್ಟಾ ಬೌಲ್‌ನಲ್ಲಿ, ನೋಟರ್ ಡೇಮ್ ತಂಡದ ಜೇಲನ್ ಸ್ಮಿತ್ ಮಂಡಿಯ ಅಸ್ಥಿರಜ್ಜುಗಳು ಹರಿದವು. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ ಮೊದಲ ಕೆಲವೇ ಹೆಸರುಗಳಲ್ಲಿ ಇರಬೇಕಿದ್ದವರು 34ನೆಯವರಾದರು. ಮೊದಲಿಗರಾಗಿದ್ದರೆ ಸಿಗುತ್ತಿದ್ದ ಕೋಟಿಗಟ್ಟಲೆ ಹಣ ಆ ಒಂದು ದಿನದಲ್ಲಿ ಕೈತಪ್ಪಿತು. ಆಗ ಕಾಲೇಜು ಆಟಗಾರರಿಗೆ ಸಂಬಳವಿರಲಿಲ್ಲ. ಬೌಲ್ ಕಡೆಯಿಂದ ಸಿಗುತ್ತಿದ್ದದ್ದು ಹೆಚ್ಚೆಂದರೆ 550 ಡಾಲರ್ ಮೌಲ್ಯದ ಉಡುಗೊರೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ ಮತ್ತು ಲೆನಾರ್ಡ್ ಫೋರ್ನೆಟ್ ‘ನಾವು ಬೌಲ್ ಆಡುವುದಿಲ್ಲ’ ಎಂದರು. ಸ್ವಾರ್ಥಿಗಳು ಎಂಬ ಬೈಗುಳವೂ ಬಂತು. ಆಮೇಲೆ ಅವರ ದಾರಿ ಹಿಡಿದವರು ಬಹಳ ಮಂದಿ.

ನಮ್ಮ ತೀರ್ಪು

2024ರ ಸೀಸನ್‌ನಿಂದ ಚಾಂಪಿಯನ್ ಯಾರೆಂದು ತೀರ್ಮಾನವಾಗುವುದು 12 ತಂಡಗಳ ಪ್ಲೇಆಫ್‌ನಲ್ಲಿ. ಕೆಲವು ಹಳೆಯ, ದೊಡ್ಡ ಬೌಲ್‌ಗಳು ಅದರ ಭಾಗ. ಉಳಿದವು ಟಿವಿಗೆ ಮತ್ತು ತಿಂಡಿ ಕಂಪನಿಗೆ. ಹಾಗಾಗಿ ಅಮೆರಿಕದಲ್ಲಿ ಓದುತ್ತಿರುವ ನೆಂಟರ ಮಗ ‘ನಮ್ಮ ಕಾಲೇಜು ಬೌಲ್ ಗೆದ್ದಿತು’ ಎಂದು ಸ್ಟೇಟಸ್ ಹಾಕಿದರೆ, ಅದನ್ನು ‘ಅಮೆರಿಕಕ್ಕೇ ಚಾಂಪಿಯನ್’ ಎಂದು ಬದಲಿಸಿ ಫ್ಯಾಮಿಲಿ ಗ್ರೂಪಿಗೆ ಕಳಿಸುವ ಮೊದಲು ಒಂದು ಮಾತು ಕೇಳಿ: ‘ಯಾವ ಬೌಲ್ ಮಾರಾಯಾ, ಪ್ಲೇಆಫ್‌ದೋ, ಮೇಯನೇಸ್‌ದೋ?’