ಪರಿಮಳಕ್ಕೂ ಬಿಸುಪುಂಟೆ?

ಲವಂಗದ ಡಬ್ಬಿಯನ್ನು ತೆರೆದು ಮೂಸಿ ನೋಡಿರಿ. ಮೂಗಿನೊಳಗೆ ನಸುಬಿಸುಪು ಸುಳಿದಂತಾಗುತ್ತದೆ. ಆದರೆ ಡಬ್ಬಿಯಲ್ಲಿ ಉಷ್ಣಮಾಪಕವನ್ನಿಟ್ಟರೆ ಅದರ ಪಾದರಸ ಒಂದಿನಿತೂ ಮೇಲೇರದು. ಹಾಗಾದರೆ ಈ ಬಿಸುಪು ಬಂದುದೆಲ್ಲಿಂದ?

ಸುಗಂಧದ್ರವ್ಯಗಳನ್ನು ರಚಿಸುವವರು ಪರಿಮಳಗಳನ್ನು ಕುಟುಂಬಗಳಾಗಿ ವಿಂಗಡಿಸುತ್ತಾರೆ. ಹೂವಿನದು ಒಂದು, ನಿಂಬೆ-ಕಿತ್ತಳೆಗಳದು ಇನ್ನೊಂದು. ಲವಂಗ, ದಾಲ್ಚಿನ್ನಿ, ವೆನಿಲಾ, ಧೂಪದ ಅಂಟುಗಳು ಸೇರಿದುದು ಬೆಚ್ಚನೆಯ ಕುಟುಂಬ. ಫ್ರಾನ್ಸಿನ ಗೆರ್ಲೈನ್ ಸಂಸ್ಥೆ 1925ರಲ್ಲಿ ಹೊರತಂದ ‘ಶಾಲಿಮಾರ್’ ಇದಕ್ಕೆ ಪ್ರಸಿದ್ಧ ನಿದರ್ಶನ.

ನಮ್ಮ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ನರವಲ್ಲದೆ, ಶಾಖ, ತಂಪು, ಉರಿಗಳನ್ನು ಮಿದುಳಿಗೆ ತಿಳಿಸುವ ಟ್ರೈಜೆಮಿನಲ್ ಎಂಬ ನರವೂ ಇದೆ. ಅದರ ತುದಿಗಳಲ್ಲಿ ಶಾಖಕ್ಕೆ ತೆರೆದುಕೊಳ್ಳುವ ಪ್ರೋಟೀನಿನ ಬಾಗಿಲುಗಳಿವೆ. ಅಂತಹ ಒಂದು ಬಾಗಿಲು ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖಕ್ಕೂ ಮೆಣಸಿನಕಾಯಿಯ ಖಾರಕ್ಕೂ ಒಂದೇ ರೀತಿ ತೆರೆಯುತ್ತದೆಂದು ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ತೋರಿಸಿದರು. ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಲವಂಗದೆಣ್ಣೆಯ ಬಹುಭಾಗವಾದ ಯೂಜಿನಾಲ್ ಸಹ ಇಂತಹ ಶಾಖದ ಬಾಗಿಲುಗಳನ್ನು ತೆರೆಯಬಲ್ಲದು. ಬೆಂಕಿಯಿಲ್ಲದೆಯೇ ಮಿದುಳಿಗೆ ‘ಬೆಚ್ಚಗಿದೆ’ ಎಂಬ ಸುದ್ದಿ ಮುಟ್ಟುತ್ತದೆ.

ಸಾಂಬಾರ ಪದಾರ್ಥಗಳೆಲ್ಲವೂ ಬೆಚ್ಚಗಿನವೆಂದು ತಿಳಿಯಬಾರದು. ಏಲಕ್ಕಿಯಲ್ಲಿರುವ ಸಿನಿಯೋಲ್ ತಂಪಿನ ಬಾಗಿಲನ್ನು ತಟ್ಟುತ್ತದೆ. ಆದುದರಿಂದಲೇ ಏಲಕ್ಕಿಯ ಪರಿಮಳ ತಂಪೆನಿಸುತ್ತದೆ. ಇನ್ನು ವೆನಿಲಾದಲ್ಲಿ ಉರಿಯೇ ಇಲ್ಲ. ಅದರ ಬೆಚ್ಚಗೆ ಎಂಬ ಮಾತು ಬಹುಮಟ್ಟಿಗೆ ಉಪಮೆ. ಸಿಹಿತಿಂಡಿಗಳ ನೆನಪು ಅದಕ್ಕೆ ಒತ್ತಾಸೆ.

ಈ ಕುಟುಂಬದ ಮತ್ತೊಂದು ಗುಣ ನಿಧಾನ. ನಿಂಬೆ ಸಿಪ್ಪೆಯ ಲಿಮೊನೀನ್ 176 ಡಿಗ್ರಿಯಲ್ಲಿ ಕುದಿದರೆ, ಯೂಜಿನಾಲ್ ಕುದಿಯಲು ಸುಮಾರು 254 ಡಿಗ್ರಿ ಬೇಕು. ಅಂತೆಯೇ ಸಾಧಾರಣ ಶಾಖದಲ್ಲಿಯೂ ಮೊದಲನೆಯದು ಬೇಗ ಹಾರಿಹೋಗುತ್ತದೆ, ಎರಡನೆಯದು ತಡೆದು ನಿಲ್ಲುತ್ತದೆ. ಇನ್ನೂ ಭಾರವಾದ ಅಣುಗಳುಳ್ಳ ಶ್ರೀಗಂಧದೆಣ್ಣೆಯನ್ನು ಮಿಶ್ರಣದ ತಳಹದಿಯಾಗಿ ಬಳಸುವುದು ಇದೇ ಕಾರಣಕ್ಕೆ. ಮೊದಲನೆಯ ಮಹಾಯುದ್ಧದಿಂದ ಯೂರೋಪಿಗೆ ಗಂಧದ ಮರದ ರಫ್ತು ನಿಂತಾಗ, 1916ರಲ್ಲಿ ಮೈಸೂರು ಸಂಸ್ಥಾನ ಅದನ್ನು ತಾನೇ ಭಟ್ಟಿಯಿಳಿಸತೊಡಗಿತು.

ನೀವೂ ಪರೀಕ್ಷಿಸಬಹುದು. ಒಂದು ಒತ್ತುಕಾಗದಕ್ಕೆ ನಿಂಬೆಯ ಸಿಪ್ಪೆಯನ್ನು ಹಿಂಡಿರಿ. ಮತ್ತೊಂದಕ್ಕೆ ಒಂದು ಹನಿ ಲವಂಗದೆಣ್ಣೆ ಹಾಕಿರಿ. ಗಂಟೆಗೊಮ್ಮೆ ಮೂಸಿ, ಯಾವುದು ಎಷ್ಟು ಹೊತ್ತು ಉಳಿಯಿತೆಂದು ಬರೆದಿಡಿರಿ. ಎಣ್ಣೆಯನ್ನು ಮಾತ್ರ ಚರ್ಮಕ್ಕೆ ತಾಗಿಸದಿರಿ. ಬಿಸುಪಿನ ಭ್ರಮೆ ಹುಟ್ಟಿಸುವ ಯೂಜಿನಾಲ್ ಅಪ್ಪಟವಾಗಿ ತಗಲಿದರೆ ನಿಜವಾಗಿಯೂ ಚರ್ಮವನ್ನು ಕೆರಳಿಸುತ್ತದೆ.